ಬಳ್ಳಾರಿ ಜಿಲ್ಲೆಯ ಇತಿಹಾಸ ಮತ್ತು ಜನಸಂಖ್ಯೆ

ಬಳ್ಳಾರಿ ಜಿಲ್ಲೆಯು ಕರ್ನಾಟಕದ ಪೂರ್ವಭಾಗದಲ್ಲಿ, ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಜಿಲ್ಲೆ. ಬಳ್ಳಾರಿ ನಗರವು ಇದರ ಆಡಳಿತ ಕೇಂದ್ರ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ಈಗಿನ ಐದು ತಾಲ್ಲೂಕುಗಳು. ಈ ಜಿಲ್ಲೆಯ ಸೀಮೆಯು 1882, 1949, 1953, 1997 ಮತ್ತು ಅನಂತರದ ವರ್ಷಗಳಲ್ಲಿ ಬದಲಾಗಿದೆ; ಕೊನೆಯ ದೊಡ್ಡ ಬದಲಾವಣೆ 2021ರಲ್ಲಿ ನಡೆಯಿತು. ಆದುದರಿಂದ ಬೇರೆ ಬೇರೆ ವರ್ಷಗಳ ಜನಗಣತಿಯಲ್ಲಿ "ಬಳ್ಳಾರಿ ಜಿಲ್ಲೆ" ಎಂಬ ಒಂದೇ ಹೆಸರಿನ ಕೆಳಗೆ ದೊರೆಯುವ ಸಂಖ್ಯೆಗಳು ಒಂದೇ ಭೂಭಾಗಕ್ಕೆ ಸೇರಿದವುಗಳಲ್ಲ. ಜಿಲ್ಲೆಯ ಇತಿಹಾಸವನ್ನು ತಿಳಿಯದೆ ಅದರ ಜನಸಂಖ್ಯೆಯನ್ನು ಸರಿಯಾಗಿ ಅರಿಯಲಾಗದು.

ಹೆಸರು

ಬಳ್ಳಾರಿ ಎಂಬ ಹೆಸರಿನ ಮೂಲದ ಬಗ್ಗೆ ಹಲವು ಐತಿಹ್ಯಗಳಿವೆ. ಬಲನೆಂಬ ಅಸುರನನ್ನು ಕೊಂದ ಇಂದ್ರನಿಗೆ "ಬಲಾರಿ" ಎಂಬ ಹೆಸರಿದ್ದು, ಅದರಿಂದ ಊರಿಗೆ ಈ ಹೆಸರು ಬಂದಿತೆಂಬುದು ಒಂದು ಹೇಳಿಕೆ. ನಗರದ ಗ್ರಾಮದೇವತೆಯಾದ ದುರ್ಗಮ್ಮನ ಹೆಸರಿನೊಡನೆ ಇದನ್ನು ಸೇರಿಸುವ ನಂಬಿಕೆಯೂ ಇದೆ. ಇಂಗ್ಲಿಷಿನಲ್ಲಿ ಬಹುಕಾಲ "ಬೆಲ್ಲಾರಿ" ಎಂದು ಬರೆಯಲಾಗುತ್ತಿದ್ದ ಹೆಸರನ್ನು 2014ರ ನವೆಂಬರ್ 1ರಂದು ಅಧಿಕೃತವಾಗಿ "ಬಳ್ಳಾರಿ" ಎಂದು ಬದಲಾಯಿಸಲಾಯಿತು.

ಭೌಗೋಳಿಕ ಹಿನ್ನೆಲೆ

ಜಿಲ್ಲೆಯ ಉತ್ತರದಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ವೇದಾವತಿ ನದಿಯನ್ನು ಇಲ್ಲಿಯ ಜನರು ಹಗರಿ ಎಂದು ಕರೆಯುತ್ತಾರೆ. ಅದು ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪ ತಾಲ್ಲೂಕುಗಳಲ್ಲಿ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ಬಯಲು ಹೆಚ್ಚು. ನಡುನಡುವೆ ಬೋಳು ಕಲ್ಲುಗುಡ್ಡಗಳು ಎದ್ದು ನಿಂತಿವೆ. ಸಂಡೂರು ತಾಲ್ಲೂಕು ಇದಕ್ಕೆ ಹೊರತಾಗಿದ್ದು, ಅರಣ್ಯದಿಂದ ಕೂಡಿದ ಬೆಟ್ಟಸಾಲುಗಳನ್ನೂ ಕಬ್ಬಿಣದ ಅದಿರಿನ ನಿಕ್ಷೇಪಗಳನ್ನೂ ಹೊಂದಿದೆ. ಮಳೆ ಕಡಿಮೆಯಾದ ಪ್ರದೇಶವಾದ್ದರಿಂದ ನದಿ ಮತ್ತು ಕಾಲುವೆಯ ನೀರು ದೊರೆಯುವ ಊರುಗಳಿಗೂ ಮಳೆಯನ್ನೇ ನಂಬಿದ ಊರುಗಳಿಗೂ ಬಾಳಿನಲ್ಲಿ ಬಹಳ ಅಂತರವಿದೆ.

ಪ್ರಾಚೀನ ಕಾಲ

ಈ ಪ್ರದೇಶವು ದಕ್ಷಿಣ ಭಾರತದ ನವಶಿಲಾಯುಗದ ಮುಖ್ಯ ನೆಲೆಗಳಲ್ಲೊಂದು. ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಕುರುಹುಗಳೂ ಬಂಡೆಗಳ ಮೇಲಿನ ರೇಖಾಚಿತ್ರಗಳೂ ಕಂಡುಬಂದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದಲ್ಲಿ ಅನ್ವೇಷಣೆ ನಡೆಸಿದರು. ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರೂ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರೂ ಉತ್ಖನನ ಕೈಗೊಂಡರು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯ ಬೂದಿದಿಬ್ಬವು ಆ ಕಾಲದ ಪಶುಪಾಲಕರು ದನಗಳ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಉಂಟಾದುದು.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೊಳಂ ಗ್ರಾಮಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆಶಾಸನಗಳು ದೊರೆತಿವೆ. ಅಶೋಕನ ಬಹುತೇಕ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂಬ ಬಿರುದು ಮಾತ್ರ ಕಾಣುತ್ತದೆ. ನಿಟ್ಟೂರಿನಲ್ಲಿಯಾದರೋ, ಮಸ್ಕಿಯಲ್ಲಿರುವಂತೆ, ಅಶೋಕ ಎಂಬ ಹೆಸರೇ ಇರುವುದು ವಿಶೇಷ.

ಮೌರ್ಯರ ಅನಂತರ ಈ ಸೀಮೆ ಸಾತವಾಹನರ ಆಳ್ವಿಕೆಗೆ ಒಳಪಟ್ಟಿತ್ತು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ "ಬಳ್ಳಕುಂದೆ ಮುನ್ನೂರು" ಎಂಬ ಆಡಳಿತ ವಿಭಾಗವಿತ್ತು. ಅದನ್ನು ಆಳಿದ ಸಿಂದ ಮನೆತನದವರಿಗೆ ಕುರುಗೋಡು ರಾಜಧಾನಿಯಾಗಿತ್ತು. ಕುರುಗೋಡಿನ ಹಳೆಯ ದೇವಾಲಯಗಳೂ ಶಾಸನಗಳೂ ದೊಡ್ಡಬಸವೇಶ್ವರ ದೇವಾಲಯದ ಬೃಹತ್ ಏಕಶಿಲಾ ನಂದಿಯೂ ಆ ಊರಿನ ಹಿಂದಿನ ಮಹತ್ತ್ವಕ್ಕೆ ಸಾಕ್ಷಿಯಾಗಿವೆ. ಇಂದು ಹೊಸ ತಾಲ್ಲೂಕು ಎನಿಸಿಕೊಂಡಿರುವ ಕುರುಗೋಡು, ಬಳ್ಳಾರಿ ನಗರವು ಪ್ರಸಿದ್ಧಿಗೆ ಬರುವ ಎಷ್ಟೋ ಮೊದಲೇ ರಾಜಧಾನಿಯಾಗಿದ್ದ ಊರು.

ವಿಜಯನಗರ ಮತ್ತು ಅನಂತರದ ಕಾಲ

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪ್ಲಿಯಲ್ಲಿ ಒಂದು ಸಣ್ಣ ರಾಜ್ಯವಿತ್ತು. ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೇನೆಯಿಂದ ಅದು ನಾಶವಾಯಿತು. ಜನಪದ ಕಾವ್ಯಗಳಲ್ಲಿ ಬಾಳುತ್ತಿರುವ ಕುಮಾರರಾಮನು ಈ ಕಂಪ್ಲಿಯ ರಾಜಕುಮಾರ. ಆ ಬಳಿಕ 1336ರಲ್ಲಿ ಸ್ಥಾಪನೆಯಾದ ವಿಜಯನಗರ ಸಾಮ್ರಾಜ್ಯದ ರಾಜಧಾನಿಗೆ ಈ ಸೀಮೆಯು ಹತ್ತಿರದ ನೆರೆಯಾಯಿತು. ವಿಜಯನಗರದ ಅರಸರು ತುಂಗಭದ್ರೆಗೆ ಅಣೆಕಟ್ಟುಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ಕಂಪ್ಲಿ, ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಆ ಪರಂಪರೆಗೆ ಸೇರಿದವು.

1565ರ ಯುದ್ಧದ ಅನಂತರ ಸಾಮ್ರಾಜ್ಯದ ಹಿಡಿತ ಸಡಿಲಗೊಂಡು ಪಾಳೆಯಗಾರರು ಪ್ರಬಲರಾದರು. ಬಳ್ಳಾರಿಯ ಗುಡ್ಡದ ಮೇಲಿನ ಕೋಟೆಯನ್ನು ಕಟ್ಟಿಸಿದವನು ಹನುಮಪ್ಪ ನಾಯಕನೆಂದು ಹೇಳಲಾಗುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಬಳ್ಳಾರಿಯನ್ನು ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರೊಬ್ಬನ ನೆರವಿನಿಂದ ಕೋಟೆಯನ್ನು ವಿಸ್ತರಿಸಿದನು. ಎದುರಿನ ಕುಂಬಾರ ಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದ್ದುದನ್ನು ಆ ಎಂಜಿನಿಯರು ಗಮನಿಸಲಿಲ್ಲವೆಂದು ಹೈದರನು ಅವನನ್ನು ಗಲ್ಲಿಗೇರಿಸಿದನೆಂಬ ಕಥೆ ನಗರದಲ್ಲಿ ಪ್ರಚಲಿತವಾಗಿದೆ.

ದತ್ತ ಮಂಡಲ ಮತ್ತು ಬ್ರಿಟಿಷ್ ಆಡಳಿತ

ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ, 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ, ಟಿಪ್ಪು ಸುಲ್ತಾನನು ಬಿಟ್ಟುಕೊಟ್ಟ ಈ ಭಾಗದ ಪ್ರದೇಶಗಳು ಹೈದರಾಬಾದಿನ ನಿಜಾಮನಿಗೆ ಸೇರಿದವು. 1799ರಲ್ಲಿ ಟಿಪ್ಪುವಿನ ಪತನದ ಅನಂತರ ಇನ್ನಷ್ಟು ಪ್ರದೇಶ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮನು ತನ್ನ ರಾಜ್ಯದಲ್ಲಿ ಇರಿಸಿಕೊಂಡ ಬ್ರಿಟಿಷ್ ಸೈನ್ಯದ ವೆಚ್ಚಕ್ಕಾಗಿ ಇವೆಲ್ಲವನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಕೊಟ್ಟ ಪ್ರದೇಶವಾದ್ದರಿಂದ ಇದಕ್ಕೆ "ದತ್ತ ಮಂಡಲ" ಎಂಬ ಹೆಸರು ಬಂದಿತು. ಬಳ್ಳಾರಿಯು ಮದ್ರಾಸ್ ಪ್ರಾಂತದ ಭಾಗವಾದದ್ದು ಹೀಗೆ.

ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರ್ ಆಗಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ಕೆಲಸ ಮಾಡಿದನು. ಪಾಳೆಯಗಾರರ ಬಲವನ್ನು ಅಡಗಿಸಿ, ಹೊಲಗಳನ್ನು ಅಳತೆ ಮಾಡಿಸಿ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಅವನು ಬೆಳೆಸಿದನು. ಮನ್ರೋವಿನ ಅನಂತರ ದತ್ತ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ವಿಂಗಡಿಸಲಾಯಿತು. ಆಗಿನ ಬಳ್ಳಾರಿ ಜಿಲ್ಲೆಯು ಈಗಿನ ಅನಂತಪುರ ಸೀಮೆಯನ್ನೂ ಒಳಗೊಂಡಿತ್ತು. 1882ರಲ್ಲಿ ಅನಂತಪುರವು ಪ್ರತ್ಯೇಕ ಜಿಲ್ಲೆಯಾಯಿತು.

ಜಿಲ್ಲೆಯ ನಡುವೆಯೇ ಇದ್ದ ಸಂಡೂರು, ಘೋರ್ಪಡೆ ಮನೆತನದ ಆಳ್ವಿಕೆಯ ಒಂದು ಸಣ್ಣ ಸಂಸ್ಥಾನವಾಗಿತ್ತು. ಸುತ್ತಲೂ ಬ್ರಿಟಿಷ್ ಜಿಲ್ಲೆ, ಒಳಗೆ ಸಂಸ್ಥಾನ ಎಂಬ ಈ ಸ್ಥಿತಿ 1949ರಲ್ಲಿ ಸಂಡೂರು ವಿಲೀನವಾಗುವವರೆಗೆ ಮುಂದುವರಿಯಿತು.

ಬರಗಾಲ ಮತ್ತು ಆರಂಭದ ಜನಗಣತಿಗಳು

ಮದ್ರಾಸ್ ಪ್ರಾಂತದಲ್ಲಿ ಕ್ರಮಬದ್ಧ ಜನಗಣತಿ 1871ರಲ್ಲಿ ನಡೆಯಿತು. ಅದಾದ ಐದು ವರ್ಷಗಳಲ್ಲಿ ದಕ್ಷಿಣ ಭಾರತವನ್ನು 1876-78ರ ಭೀಕರ ಕ್ಷಾಮ ಆವರಿಸಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಈ ಕ್ಷಾಮವನ್ನು ಕನ್ನಡ ನಾಡಿನಲ್ಲಿ "ಧಾತು ಈಶ್ವರ ಬರ" ಎಂದು ನೆನೆಯುತ್ತಾರೆ. ಅತ್ಯಂತ ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿವಿನಿಂದಲೂ ಕಾಲರಾ ಮೊದಲಾದ ರೋಗಗಳಿಂದಲೂ ಅಸಂಖ್ಯ ಜನರು ಸತ್ತರು. ಅನೇಕರು ಊರು ಬಿಟ್ಟರು. 1881ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ತೀವ್ರವಾಗಿ ಕುಸಿದಿತ್ತು.

1901ರ ಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,47,214. ಬಳ್ಳಾರಿ ಪಟ್ಟಣದ ಜನಸಂಖ್ಯೆ 58,247. ಈ ಜಿಲ್ಲೆಯಲ್ಲಿ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಸೇರಿದ್ದವು. ಸಂಡೂರು ಸಂಸ್ಥಾನ ಸೇರಿರಲಿಲ್ಲ. ಸಿರುಗುಪ್ಪವು ಆಗ ಇನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಬಳ್ಳಾರಿ ಪಟ್ಟಣದ ಬೆಳವಣಿಗೆಗೆ ದಂಡು ಪ್ರದೇಶ, ರೈಲುಮಾರ್ಗ ಮತ್ತು ಹತ್ತಿಯ ವ್ಯಾಪಾರ ಕಾರಣವಾಗಿದ್ದವು.

ಕನ್ನಡವೋ ತೆಲುಗೋ: 1953ರ ವಿಭಜನೆ

1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಪಕ್ಷವು ಭಾಷೆಗೆ ಅನುಗುಣವಾಗಿ ಪ್ರಾಂತೀಯ ಸಮಿತಿಗಳನ್ನು ರಚಿಸಲು ನಿರ್ಧರಿಸಿದಾಗಿನಿಂದ ಬಳ್ಳಾರಿಯು ಕರ್ನಾಟಕಕ್ಕೆ ಸೇರಬೇಕೋ ಆಂಧ್ರಕ್ಕೆ ಸೇರಬೇಕೋ ಎಂಬ ಪ್ರಶ್ನೆ ಹುಟ್ಟಿತು. ಪಶ್ಚಿಮದ ತಾಲ್ಲೂಕುಗಳಲ್ಲಿ ಕನ್ನಡಿಗರೂ ಪೂರ್ವದ ತಾಲ್ಲೂಕುಗಳಲ್ಲಿ ತೆಲುಗರೂ ಹೆಚ್ಚಾಗಿದ್ದರು. ನಡುವಣ ಬಳ್ಳಾರಿ ತಾಲ್ಲೂಕಿನಲ್ಲಿ, ಅದರಲ್ಲಿಯೂ ಪಟ್ಟಣದಲ್ಲಿ, ಕನ್ನಡ, ತೆಲುಗು ಮತ್ತು ಉರ್ದು ಮೂರೂ ಬೆರೆತಿದ್ದವು. ಆದುದರಿಂದ ಜನಗಣತಿಯ ಭಾಷಾವಾರು ಅಂಕಿಗಳು ಇಲ್ಲಿ ಲೆಕ್ಕಪತ್ರದ ವಿಷಯವಾಗಿ ಉಳಿಯಲಿಲ್ಲ; ತಾಲ್ಲೂಕು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದಕ್ಕೆ ಎರಡೂ ಪಕ್ಷಗಳು ಅವನ್ನೇ ಆಧಾರವಾಗಿ ಹಿಡಿದವು.

ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡಿದ್ದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ನಿಧನರಾದ ಬಳಿಕ ಕೇಂದ್ರ ಸರ್ಕಾರವು ಆ ರಾಜ್ಯದ ರಚನೆಗೆ ಒಪ್ಪಿತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ಹೈದರಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರಿಗೆ ಒಪ್ಪಿಸಲಾಯಿತು. ಅವರು ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ವಿಲೀನದ ಸಂಭ್ರಮಕ್ಕಾಗಿ ಬಳ್ಳಾರಿಯಲ್ಲಿ ಹಾಕಿದ್ದ ಚಪ್ಪರವನ್ನು ಸೆಪ್ಟೆಂಬರ್ 30ರ ರಾತ್ರಿ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಅವರು ದುಷ್ಕರ್ಮಿಗಳ ಆಸಿಡ್ ದಾಳಿಗೆ ಬಲಿಯಾದರು. ಕರ್ನಾಟಕ ಏಕೀಕರಣದ ಹುತಾತ್ಮರೆಂದು ಅವರನ್ನು ಸ್ಮರಿಸಲಾಗುತ್ತದೆ.

ವಿವಾದವು ಅಲ್ಲಿಗೆ ಮುಗಿಯಲಿಲ್ಲ. 1955ರಲ್ಲಿ ವರದಿ ನೀಡಿದ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ ಮತ್ತು ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಕನ್ನಡಿಗರಿಂದ ಇದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಕೇಂದ್ರ ಸರ್ಕಾರವು ಆ ಸಲಹೆಯನ್ನು ಸ್ವೀಕರಿಸಲಿಲ್ಲ. 1956ರ ನವೆಂಬರ್ 1ರಂದು ರೂಪುಗೊಂಡ ವಿಶಾಲ ಮೈಸೂರು ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆ ಉಳಿಯಿತು. ಕನ್ನಡ ಸಾಹಿತ್ಯ ಸಮ್ಮೇಳನವು ಬಳ್ಳಾರಿಯಲ್ಲಿ 1926 ಮತ್ತು 1938ರಲ್ಲಿ, ಅಂದರೆ ವಿಲೀನಕ್ಕೆ ಮೊದಲೇ, ನಡೆದಿತ್ತು. ಏಕೀಕರಣದ ಬಳಿಕ 1958ರಲ್ಲಿ ಮತ್ತೆ ನಡೆಯಿತು.

ತುಂಗಭದ್ರಾ ಅಣೆಕಟ್ಟು ಮತ್ತು ವಲಸೆ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ರಾಜ್ಯಗಳ ಗಡಿ ಬದಲಾದದ್ದೂ ಅದೇ ವರ್ಷ. ಬಲದಂಡೆಯ ಕೆಳಮಟ್ಟದ ಮತ್ತು ಮೇಲ್ಮಟ್ಟದ ಕಾಲುವೆಗಳು ಬಳ್ಳಾರಿ ಸೀಮೆಗೆ ನೀರುಣಿಸಿ ಗಡಿಯನ್ನು ದಾಟಿ ಆಂಧ್ರಪ್ರದೇಶದೊಳಕ್ಕೆ ಹರಿಯುತ್ತವೆ. ಎರಡು ರಾಜ್ಯಗಳಿಗೂ ಸೇರಿದ ನೀರನ್ನು ನಿರ್ವಹಿಸಲು ತುಂಗಭದ್ರಾ ಮಂಡಳಿಯನ್ನು ಸ್ಥಾಪಿಸಲಾಯಿತು.

ನೀರಾವರಿಯು ಜನರ ಹಂಚಿಕೆಯನ್ನೇ ಬದಲಾಯಿಸಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಸಿರುಗುಪ್ಪದ ಎರೆಭೂಮಿ ಭತ್ತದ ಗದ್ದೆಯಾಯಿತು. ಭತ್ತದ ಬೇಸಾಯದಲ್ಲಿ ಅನುಭವವುಳ್ಳ ಕರಾವಳಿ ಆಂಧ್ರದ ರೈತರು ಇಲ್ಲಿ ಜಮೀನು ಕೊಂಡು ನೆಲೆಸಿದರು. ಅವರ ವಸತಿಗಳನ್ನು ಇಂದಿಗೂ "ಕ್ಯಾಂಪ್" ಎಂದೇ ಕರೆಯುತ್ತಾರೆ. ಸಿರುಗುಪ್ಪ ಪಟ್ಟಣದಲ್ಲಿ ಅಕ್ಕಿ ಗಿರಣಿಗಳು ಬೆಳೆದವು. ನಾಟಿ ಮತ್ತು ಕಟಾವಿನ ಕಾಲದಲ್ಲಿ ಮಳೆಯಾಶ್ರಿತ ಊರುಗಳಿಂದ ಕೂಲಿಕಾರರು ಕಾಲುವೆಯ ಸೀಮೆಗೆ ಬರುವುದೂ ವಾಡಿಕೆಯಾಯಿತು.

ಗಣಿ, ಉಕ್ಕು ಮತ್ತು ಉಡುಪು

ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಜನಸಂಖ್ಯೆಯ ಬದಲಾವಣೆಗೆ ಮತ್ತೊಂದು ಕಾರಣ. ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿಯಿದೆ. ತೋರಣಗಲ್ಲಿನಲ್ಲಿ 1990ರ ದಶಕದಲ್ಲಿ ಆರಂಭವಾದ ಜಿಂದಾಲ್ ಉಕ್ಕಿನ ಕಾರ್ಖಾನೆಯ ಸುತ್ತ ಒಂದು ಹೊಸ ಪಟ್ಟಣವೇ ಬೆಳೆದಿದೆ. ಕುಡತಿನಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಸ್ಥಾಪನೆಯಾಗಿದೆ. ಈ ಉದ್ಯಮಗಳು ದೇಶದ ನಾನಾ ಭಾಗಗಳಿಂದ ಕಾರ್ಮಿಕರನ್ನು ಸೆಳೆದವು.

2000ದ ಅನಂತರ ಅದಿರಿನ ರಫ್ತು ಏರಿದಾಗ ಅಕ್ರಮ ಗಣಿಗಾರಿಕೆಯೂ ವ್ಯಾಪಕವಾಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲಿ ಹೊರಬಂದಿತು. ಅದೇ ತಿಂಗಳ 29ರಂದು ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ದೊರೆಯಿತು. 2011ರ ಜನಗಣತಿಯ ಎಣಿಕೆ ಫೆಬ್ರವರಿಯಲ್ಲಿ ನಡೆದುದರಿಂದ, ಅದು ಗಣಿಗಳು ನಿಲ್ಲುವ ಮೊದಲಿನ ಜಿಲ್ಲೆಯ ಚಿತ್ರವನ್ನು ಕೊಡುತ್ತದೆ ಎಂಬುದನ್ನು ಗಮನಿಸಬೇಕು.

ಬಳ್ಳಾರಿ ನಗರದಲ್ಲಿ ಜೀನ್ಸ್ ಉಡುಪು ಹೊಲಿಯುವ ಉದ್ಯಮ ಪ್ರಸಿದ್ಧವಾಗಿದೆ. ಸಣ್ಣ ಘಟಕಗಳಲ್ಲಿಯೂ ಮನೆಗಳಲ್ಲಿಯೂ ನಡೆಯುವ ಈ ಕೆಲಸದಲ್ಲಿ ಬಹುಸಂಖ್ಯೆಯ ಮಹಿಳೆಯರು ತೊಡಗಿದ್ದಾರೆ.

ಜನಸಂಖ್ಯೆ: ವರ್ಷ ಮತ್ತು ಸೀಮೆ

ಗಣತಿಯ ಸಂಖ್ಯೆಗಳನ್ನು ಆಯಾ ಕಾಲದ ಸೀಮೆಯೊಡನೆ ಕೆಳಗೆ ಕೊಡಲಾಗಿದೆ.

1901: 9,47,214. ಆದವಾನಿ, ಆಲೂರು, ರಾಯದುರ್ಗ ಸೇರಿ, ಸಂಡೂರು ಬಿಟ್ಟು.
1991: ಸುಮಾರು 18.9 ಲಕ್ಷ. ಹರಪನಹಳ್ಳಿ ಸೇರಿ.
2001: 20,27,140. ಹರಪನಹಳ್ಳಿ ಬಿಟ್ಟು.
2011: 24,52,595. ಹರಪನಹಳ್ಳಿ ಬಿಟ್ಟು.
2011ರ ಗಣತಿಯಂತೆ ಈಗಿನ ಐದು ತಾಲ್ಲೂಕುಗಳು: ಸುಮಾರು 14 ಲಕ್ಷ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ಅದಕ್ಕೆ ಸೇರಿಸಲಾಯಿತು. ಇದನ್ನು ಮರೆತು 1991 ಮತ್ತು 2001ರ ಸಂಖ್ಯೆಗಳನ್ನು ಹೋಲಿಸಿದರೆ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಕೇವಲ ಶೇ. 7ರಷ್ಟು ಏರಿದಂತೆ ತೋರುತ್ತದೆ. ಒಂದೇ ಸೀಮೆಯನ್ನು ಹೋಲಿಸಿದಾಗ ಏರಿಕೆಯು ಅದಕ್ಕಿಂತ ಬಹಳ ಹೆಚ್ಚು. 2001ರಿಂದ 2011ರ ನಡುವೆ ಸೀಮೆ ಬದಲಾಗದಿದ್ದುದರಿಂದ ಆ ಎರಡನ್ನು ನೇರವಾಗಿ ಹೋಲಿಸಬಹುದು. ಆ ಅವಧಿಯ ಏರಿಕೆ ಸುಮಾರು ಶೇ. 21.

2011ರ ಗಣತಿಗೆ ಕೆಲವೆಡೆ 25,32,383 ಎಂಬ ಸಂಖ್ಯೆಯೂ ಕಾಣುತ್ತದೆ. ಇದು ಎಣಿಕೆ ಮುಗಿದ ಕೂಡಲೆ ಪ್ರಕಟಿಸಿದ ತಾತ್ಕಾಲಿಕ ಸಂಖ್ಯೆ. ಅಂತಿಮ ಸಂಖ್ಯೆ 24,52,595. ಅಂತಿಮ ವರದಿಯಂತೆ ಪ್ರತಿ 1000 ಪುರುಷರಿಗೆ 983 ಮಹಿಳೆಯರಿದ್ದರು. ಸಾಕ್ಷರತೆ ಶೇ. 67ರಷ್ಟಿದ್ದು, ರಾಜ್ಯದ ಸರಾಸರಿಯಾದ ಶೇ. 75ಕ್ಕಿಂತ ಕಡಿಮೆ. ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 21, ಪರಿಶಿಷ್ಟ ಪಂಗಡದವರು ಸುಮಾರು ಶೇ. 18. ಪರಿಶಿಷ್ಟ ಪಂಗಡದವರಲ್ಲಿ ವಾಲ್ಮೀಕಿ ನಾಯಕ ಸಮುದಾಯದವರು ಬಹುಸಂಖ್ಯಾತರು. ಈ ಕಾರಣದಿಂದ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರವೂ ಬಳ್ಳಾರಿ ಗ್ರಾಮಾಂತರ, ಸಿರುಗುಪ್ಪ, ಕಂಪ್ಲಿ ಮತ್ತು ಸಂಡೂರು ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟುದರಿಂದ 2011ರ ಅಂಕಿಗಳೇ ಬಹುಕಾಲ ಬಳಕೆಯಲ್ಲಿ ಉಳಿದಿವೆ.

2021ರ ವಿಭಜನೆ

ಕುರುಗೋಡು, ಕಂಪ್ಲಿ ಮತ್ತು ಕೊಟ್ಟೂರು 2010ರ ದಶಕದಲ್ಲಿ ಹೊಸ ತಾಲ್ಲೂಕುಗಳಾದವು. ಕುರುಗೋಡು ಬಳ್ಳಾರಿ ತಾಲ್ಲೂಕಿನಿಂದಲೂ ಕಂಪ್ಲಿ ಹೊಸಪೇಟೆ ತಾಲ್ಲೂಕಿನಿಂದಲೂ ಬೇರ್ಪಟ್ಟವು. ಹರಪನಹಳ್ಳಿಯು ಅದೇ ದಶಕದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿ ಬಂದಿತು. 2021ರ ಫೆಬ್ರವರಿಯಲ್ಲಿ ಹೊರಬಿದ್ದ ಅಧಿಸೂಚನೆಯಂತೆ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಅಕ್ಟೋಬರ್ 2ರಂದು ಅದರ ಉದ್ಘಾಟನೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ಅದಕ್ಕೆ ಸೇರಿದವು. ಹಂಪಿಯೂ ತುಂಗಭದ್ರಾ ಅಣೆಕಟ್ಟೂ ಹೊಸ ಜಿಲ್ಲೆಯ ಪಾಲಾದವು. ಅಣೆಕಟ್ಟಿನ ಕಾಲುವೆಗಳನ್ನು ನಂಬಿದ ಸಿರುಗುಪ್ಪ, ಕುರುಗೋಡು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು.

ವಿಭಜನೆಯ ಲೆಕ್ಕ ಹೀಗಿದೆ: 2011ರ ಬಳ್ಳಾರಿಯ ಸುಮಾರು 24.5 ಲಕ್ಷಕ್ಕೆ ಹರಪನಹಳ್ಳಿಯ ಸುಮಾರು 3 ಲಕ್ಷವನ್ನು ಕೂಡಿಸಿ, ವಿಜಯನಗರ ಜಿಲ್ಲೆಯ ಸುಮಾರು 13.5 ಲಕ್ಷವನ್ನು ಕಳೆದರೆ ಈಗಿನ ಬಳ್ಳಾರಿಗೆ ಸುಮಾರು 14 ಲಕ್ಷ ಉಳಿಯುತ್ತದೆ. ಮುಂದಿನ ಗಣತಿಯ ಸಂಖ್ಯೆಯನ್ನು ಹೋಲಿಸಬೇಕಾದುದು ಈ 14 ಲಕ್ಷದೊಡನೆ, 24.5 ಲಕ್ಷದೊಡನೆ ಹೋಲಿಸಿದರೆ ಜಿಲ್ಲೆಯ ಜನರು ಕಡಿಮೆಯಾದರೆಂಬ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ.

ಭಾಷೆ ಮತ್ತು ನಗರ ಜೀವನ

ಕನ್ನಡವು ಜಿಲ್ಲೆಯ ಪ್ರಧಾನ ಭಾಷೆ. ತೆಲುಗು ಮತ್ತು ಉರ್ದು ಮಾತನಾಡುವವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಭಾಷೆ ಬಳಕೆಯಲ್ಲಿದೆ. ಬಳ್ಳಾರಿ ನಗರದಲ್ಲಿ ಎರಡು ಮೂರು ಭಾಷೆಗಳನ್ನು ಸಲೀಸಾಗಿ ಆಡುವವರು ಸಾಮಾನ್ಯ. ತೆಲುಗು ಮತ್ತು ಕನ್ನಡ ರಂಗಭೂಮಿಗಳೆರಡರಲ್ಲಿಯೂ ಹೆಸರಾದ ನಟ ಬಳ್ಳಾರಿ ರಾಘವ ಈ ನಗರದವರು. ರಾಘವ ಕಲಾಮಂದಿರವು ಅವರ ಸ್ಮಾರಕವಾಗಿದೆ.

1901ರಲ್ಲಿ 58,247 ಜನರಿದ್ದ ಬಳ್ಳಾರಿ 2011ರಲ್ಲಿ ಸುಮಾರು 4.1 ಲಕ್ಷ ಜನರ ನಗರವಾಗಿತ್ತು. ಅಂದರೆ 110 ವರ್ಷಗಳಲ್ಲಿ ಏಳು ಪಟ್ಟು. ನಗರದ ಆಡಳಿತವನ್ನು ಮಹಾನಗರ ಪಾಲಿಕೆ ನಡೆಸುತ್ತದೆ. ಇಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿಯೂ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿಯೂ ಸ್ಥಾಪನೆಯಾದವು.

ವಿಶೇಷ ಸ್ಥಾನಮಾನ

ಸಂವಿಧಾನದ 371ಜೆ ವಿಧಿಯ ಮೂಲಕ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ದೊರೆತ ವಿಶೇಷ ಸ್ಥಾನಮಾನವು ಬಳ್ಳಾರಿಗೂ ಅನ್ವಯಿಸುತ್ತದೆ. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ಬಳ್ಳಾರಿಯು 1800ರಲ್ಲಿಯೇ ನಿಜಾಮನ ಕೈಬಿಟ್ಟು, 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಜಿಲ್ಲೆ. ಆದರೂ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಹಿಂದುಳಿದಿರುವ ಕಾರಣ ಅದನ್ನು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳೊಡನೆ ಸೇರಿಸಲಾಗಿದೆ. ಈ ವಿಧಿಯಡಿ ಪ್ರದೇಶದ ವಿದ್ಯಾರ್ಥಿಗಳಿಗೂ ಉದ್ಯೋಗಾಕಾಂಕ್ಷಿಗಳಿಗೂ ಮೀಸಲಾತಿ ದೊರೆಯುತ್ತದೆ. 2021ರಲ್ಲಿ ಬೇರ್ಪಟ್ಟ ವಿಜಯನಗರ ಜಿಲ್ಲೆಯೂ ಈ ಪ್ರದೇಶದಲ್ಲಿಯೇ ಸೇರಿದೆ.